ನಲವತ್ತೋ, ನಲವತ್ತಮೂರೋ?

ಎರಡನೇ ವರ್ಷದ ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ಮಾಲೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ನನ್ನ ಊರು ಶ್ರೀನಿವಾಸಪುರದ ಕಡೆ, ಕಾಲೇಜು ಕೋಲಾರದಲ್ಲಿ. ಬೆಳಿಗ್ಗೆ ಕೋಲಾರದ ಬಸ್ ನಿಲ್ದಾಣದಲ್ಲಿ ನಾನು ಮಾಲೂರಿನ ಬಸ್ಸಿಗೆ ಕಾಯುತ್ತಿದ್ದರೆ, ನನ್ನ ಸಹ-ಪ್ರಶಿಕ್ಷಣಾರ್ಥಿ ಗೆಳತಿ ಮುಳಬಾಗಿಲಿನ ಬಸ್ಸಿಗೆ ಕಾಯುತ್ತಿದ್ದಳು. ಇಬ್ಬರ ಕೈಯಲ್ಲೂ ಚಾರ್ಟಿನ ಸುರುಳಿ, ಪಾಠಯೋಜನೆಯ ಪುಸ್ತಕ. ಅವಳದು ಗಣಿತ, ನನ್ನದು ಭೌತಶಾಸ್ತ್ರ. ಸಂಜೆ ಮತ್ತೆ ಅಲ್ಲೇ ಸಿಕ್ಕಿ ಅವತ್ತಿನ ಪಾಠದ ಕಷ್ಟಸುಖ ಹೇಳಿಕೊಳ್ಳುತ್ತಿದ್ದೆವು. ಈಗ ಬರೆಯಲು ಹೊರಟಿರುವುದನ್ನು ಮಾತ್ರ ಅವಳಿಗೆ ಎರಡು ದಿನ ಹೇಳಲಿಲ್ಲ.

ಒಂಬತ್ತನೇ ತರಗತಿಯ 'ಚಲನೆ' ಪಾಠ ನನ್ನ ಪಾಲಿಗೆ ಬಂದಿತ್ತು. ಅದೇ ವಾರ ಶಾಲೆಯ ಪಿ.ಟಿ. ಸರ್ ಸ್ಟಾಫ್ ರೂಮಿನಲ್ಲಿ, "ಮೇಡಂ, ಡಿಗ್ರಿಯಲ್ಲಿ ಸಾಫ್ಟ್‌ಬಾಲ್ ಆಡಿದ್ದೀರಂತೆ?" ಎಂದು ಕೇಳಿದರು. ಅಲಮಾರಿನಲ್ಲಿ ಒಂದು ಕಿಟ್ ಇತ್ತು: ಅಲ್ಯೂಮಿನಿಯಂ ಬ್ಯಾಟ್ ಒಂದು, ಚೆಂಡು ಎರಡು, ಗ್ಲೌಸ್ ಐದು. ಯಾವಾಗಲೋ ಬಂದದ್ದು, ಬಿಚ್ಚಿಯೇ ಇರಲಿಲ್ಲ. ಆ ಶಾಲೆಯ ಹೆಣ್ಣುಮಕ್ಕಳು ಥ್ರೋಬಾಲ್, ಕೊಕ್ಕೊ, ಕಬಡ್ಡಿಯಲ್ಲಿ ಹೋಬಳಿ ಮಟ್ಟಕ್ಕೆ ಹೋಗುತ್ತಾರೆ. ತಾಲ್ಲೂಕು ಮಟ್ಟದಲ್ಲಿ ಪೇಟೆ ಶಾಲೆಗಳ ಎದುರು ಸೋತು ಬರುತ್ತಾರೆ. ಸಾಫ್ಟ್‌ಬಾಲ್ ಶಾಲಾ ಕ್ರೀಡೆಗಳ ಪಟ್ಟಿಯಲ್ಲಿದೆ, ಆಡುವ ತಂಡ ಕಡಿಮೆ, ನಮ್ಮ ಮಕ್ಕಳಿಗೆ ಒಂದು ದಾರಿಯಾದೀತು ಎಂಬುದು ಸರ್ ಅವರ ಲೆಕ್ಕ. ಒಳ್ಳೆಯ ಲೆಕ್ಕವೇ. ನಾನು ತಕ್ಷಣ ಒಪ್ಪಿದೆ. ಒಪ್ಪಿದ್ದರಲ್ಲಿ ಸ್ವಲ್ಪ ಜಂಬವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಡಿಗ್ರಿ ಕಾಲೇಜಿನಲ್ಲಿ ನಾನು ಪಿಚರ್ ಆಗಿದ್ದೆ.

ತೊಡಕು ಬಂದದ್ದು ಅಳತೆಯಲ್ಲಿ. ಸರ್ ಹತ್ತಿರ ಇದ್ದ ಹಳೆಯ ಜೆರಾಕ್ಸ್ ಪ್ರತಿಯಲ್ಲಿ ಹುಡುಗಿಯರಿಗೆ ಪಿಚರ್‌ನ ಜಾಗದಿಂದ ಹೋಂ ಪ್ಲೇಟ್‌ವರೆಗೆ 40 ಅಡಿ ಎಂದಿತ್ತು. ನಾನು ಕಾಲೇಜಿನಲ್ಲಿ ಎಸೆದದ್ದು 43 ಅಡಿಯಿಂದ. ಯಾವುದು ಸರಿ ಎಂದು ನಾವಿಬ್ಬರೂ ಮಾತಾಡುತ್ತಿದ್ದುದನ್ನು ಬಾಗಿಲಲ್ಲಿ ನಿಂತಿದ್ದ ಹುಡುಗಿಯರು ಕೇಳಿಸಿಕೊಂಡಿದ್ದರು. ಮರುದಿನ ತರಗತಿಗೆ ಕಾಲಿಟ್ಟ ಕೂಡಲೇ ಪ್ರಶ್ನೆ: "ಮಿಸ್, ನಲವತ್ತೋ, ನಲವತ್ತಮೂರೋ?"

ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಸಿಗುತ್ತಿರಲಿಲ್ಲ. ಪಾಠಯೋಜನೆಯಲ್ಲಿ ಬರೆದಿದ್ದ ಬಸ್ಸು, ರೈಲುಗಳ ಉದಾಹರಣೆಯನ್ನು ಪಕ್ಕಕ್ಕಿಟ್ಟೆ. ಎರಡೂ ಸರಿ, ಬೇರೆ ಬೇರೆ ಕಾಲಕ್ಕೆ ಎಂದು ಹೇಳಿ, ಹಿಂದಿನ ರಾತ್ರಿ ಓದಿಕೊಂಡು ಬಂದದ್ದನ್ನು ವಿವರಿಸಿದೆ. ಈ ಆಟ ಹುಟ್ಟಿದ್ದು 1887ರಲ್ಲಿ ಷಿಕಾಗೊದಲ್ಲಿ. ಅಮೆರಿಕದ ಪ್ರೌಢಶಾಲೆಗಳ ಆಟಕ್ಕೆ ನಿಯಮ ಬರೆಯುವ ಒಕ್ಕೂಟ ಅಲ್ಲಿದೆ, ಎನ್‌ಎಫ್‌ಎಚ್‌ಎಸ್ ಎಂದು. ಅಲ್ಲಿನ ಹುಡುಗಿಯರೂ ಬಹಳ ಕಾಲ 40 ಅಡಿಯಿಂದಲೇ ಎಸೆಯುತ್ತಿದ್ದರು. ವರ್ಷ ಕಳೆದಂತೆ ಪಿಚರ್‌ಗಳು ಎಷ್ಟು ಪಳಗಿದರೆಂದರೆ ಬ್ಯಾಟ್ ಹಿಡಿದವರಿಗೆ ಚೆಂಡು ಮುಟ್ಟುವುದೇ ಕಷ್ಟವಾಯಿತು. ಕಾಲೇಜು ಹುಡುಗಿಯರ ಆಟದಲ್ಲಿ ಅದಾಗಲೇ 43 ಅಡಿ ಇತ್ತು. 2009ರಲ್ಲಿ ಒಕ್ಕೂಟ ಪ್ರೌಢಶಾಲೆಗಳಿಗೂ 43 ಅಡಿ ಎಂದು ತೀರ್ಮಾನಿಸಿತು. 2010-11ರಿಂದ ಅದು ಜಾರಿಗೆ ಬಂತು.

"ಮೂರಡಿಗೆ ಇಷ್ಟೆಲ್ಲ ಮೀಟಿಂಗಾ ಮಿಸ್?" ಎಂದ ಹಿಂದಿನ ಬೆಂಚಿನ ಒಬ್ಬ.

ಇಲ್ಲೊಂದು ಮಾತು. ತರಬೇತಿಯಲ್ಲಿ ನಮಗೆ ಎಸ್‌ಐ ಮಾನಗಳಲ್ಲೇ ಮಾತಾಡಬೇಕೆಂದು ಹೇಳಿಕೊಡುತ್ತಾರೆ. ಆದರೆ ಕೋಲಾರ ಜಿಲ್ಲೆಯ ಮಕ್ಕಳಿಗೆ ಅಡಿ ಎಂದರೆ ರಕ್ತದಲ್ಲೇ ಇದೆ. ಬೋರ್‌ವೆಲ್ ಸಾವಿರ ಅಡಿ ಹೋಯಿತು, ಸಾವಿರದ ಇನ್ನೂರಕ್ಕೂ ನೀರಿಲ್ಲ ಎನ್ನುವ ಮಾತು ಕೇಳುತ್ತಲೇ ಬೆಳೆದವರು ಅವರು. 40 ಅಡಿ ಎಂದರೆ ಎಷ್ಟು ಎಂದು ಕೇಳಿದಾಗ ಒಬ್ಬ ಹುಡುಗಿ, "ತರ್ಟಿ ಫಾರ್ಟಿ ಸೈಟಿನ ಉದ್ದ ಮಿಸ್" ಎಂದಳು. ಇಡೀ ತರಗತಿಗೆ ದೂರ ಕಣ್ಣಿಗೆ ಕಟ್ಟಿತು. ಆಮೇಲೆ ಮೀಟರಿಗೆ ಬದಲಾಯಿಸಲು ಯಾರೂ ಗೊಣಗಲಿಲ್ಲ. 40 ಅಡಿ 12.19 ಮೀಟರ್, 43 ಅಡಿ 13.11 ಮೀಟರ್.

ಗಂಟೆಗೆ 60 ಮೈಲಿ, ಅಂದರೆ ಸೆಕೆಂಡಿಗೆ 26.8 ಮೀಟರ್ ವೇಗದ ಎಸೆತ ಎಂದು ಇಟ್ಟುಕೊಂಡು ಭಾಗಿಸಿದೆವು. 40 ಅಡಿಗೆ 0.455 ಸೆಕೆಂಡ್, 43 ಅಡಿಗೆ 0.489 ಸೆಕೆಂಡ್. ವ್ಯತ್ಯಾಸ 0.034. ಮಕ್ಕಳ ಮುಖ ಬಾಡಿತು. ಇಷ್ಟು ಲೆಕ್ಕ ಮಾಡಿದ್ದಕ್ಕೆ ಕೈಗೆ ಬಂದದ್ದು ಕಣ್ಣೆವೆ ಮುಚ್ಚುವಷ್ಟೂ ಇಲ್ಲದ ಕಾಲ.

ಆಗ ಸ್ಕೇಲ್ ಬೀಳಿಸುವ ಚಟುವಟಿಕೆ ಮಾಡಿಸಿದೆ. ಒಬ್ಬರು 30 ಸೆಂಟಿಮೀಟರ್ ಸ್ಕೇಲನ್ನು ತೂಗುಬಿಡುವುದು, ಇನ್ನೊಬ್ಬರು ಕೆಳತುದಿಯ ಹತ್ತಿರ ಬೆರಳು ತೆರೆದು ಕಾಯುವುದು, ಹೇಳದೆ ಬಿಟ್ಟಾಗ ಹಿಡಿಯುವುದು. ಎಷ್ಟು ಸೆಂಟಿಮೀಟರ್ ಜಾರಿತೋ ಅದಕ್ಕೆ ಎಷ್ಟು ಕಾಲ ಎಂಬ ಪಟ್ಟಿಯನ್ನು ಹಲಗೆಯ ಮೇಲೆ ಬರೆದಿದ್ದೆ. 20 ಸೆಂಟಿಮೀಟರಿಗೆ 0.20 ಸೆಕೆಂಡ್. ಬಹುತೇಕರು ಅದರ ಆಸುಪಾಸಿನಲ್ಲೇ ಇದ್ದರು. ಅತಿ ಚುರುಕಾದವನು, ಮೀಟಿಂಗಿನ ಪ್ರಶ್ನೆ ಕೇಳಿದವನೇ, 15 ಸೆಂಟಿಮೀಟರಿಗೆ ಹಿಡಿದ. ಅವನದು 0.17. "ಈಗ ನೋಡಿ, ಕಣ್ಣಿಂದ ಕೈಗೆ ಸುದ್ದಿ ಮುಟ್ಟಲಿಕ್ಕೇ 0.20 ಹೋಯಿತು. ಬ್ಯಾಟ್ ಬೀಸಲು ಎಷ್ಟು ಉಳಿಯಿತು?" 40 ಅಡಿಯಲ್ಲಿ ಕಾಲು ಸೆಕೆಂಡು. ಆ ಕಾಲು ಸೆಕೆಂಡಿಗೆ 0.034 ಸೇರಿಸಿದರೆ ಹೆಚ್ಚುಕಡಿಮೆ ಏಳರಲ್ಲಿ ಒಂದು ಪಾಲು ಹೆಚ್ಚು. ಮೂರಡಿಗೆ ಮೀಟಿಂಗ್ ಯಾಕೆ ಎಂದು ಅವರಿಗೇ ತಿಳಿಯಿತು.

ಆ ದಿನದ ಅತಿ ಒಳ್ಳೆಯ ಪ್ರಶ್ನೆ ಹಾಜರಿ ಸಂಖ್ಯೆ 27ರದು. ಹೆಸರು ಬೇಡ. ಎರಡನೇ ಬೆಂಚಿನ ಹುಡುಗಿ, ಮಾತು ಕಡಿಮೆ, ಮನೆಯಲ್ಲಿ ತೆಲುಗು. "ಮಿಸ್, ಎಸೆಯೋರು ಮುಂದಕ್ಕೆ ಹೆಜ್ಜೆ ಇಟ್ಟು ಎಸೀತಾರಲ್ಲ? ಚೆಂಡು ಕೈ ಬಿಡೋದು ಗೆರೆ ಹತ್ರ ಅಲ್ಲವಲ್ಲ?" ನಿಜ. ಪಿಚರ್ ಒಂದು ದೊಡ್ಡ ಹೆಜ್ಜೆ ಮುಂದೆ ಬಂದೇ ಚೆಂಡು ಬಿಡುತ್ತಾಳೆ. ನಿಯಮದ ದೂರ ಒಂದು, ಚೆಂಡು ಸಾಗುವ ದೂರ ಇನ್ನೊಂದು. ನಾನು ಇದನ್ನು ಪಾಠಯೋಜನೆಯಲ್ಲಿ ಯೋಚಿಸಿಯೇ ಇರಲಿಲ್ಲ. ಹೊರಗೆ ಹೋಗಿ ಅಳೆಯೋಣ ಎಂದೆ.

ಮರುದಿನ ಎರಡು ಅವಧಿ ಒಟ್ಟಿಗೆ ಕೇಳಿ ಪಡೆದು ಮೈದಾನಕ್ಕೆ ಕರೆದುಕೊಂಡು ಹೋದೆ. ನಮ್ಮ ಕಾಲೇಜಿನ ವಿಷಯ ಉಪನ್ಯಾಸಕರು ಅಂದೇ ಪಾಠ ವೀಕ್ಷಣೆಗೆ ಬಂದಿದ್ದರು. ಕುರ್ಚಿ ಹಾಕಿ ಹೊಂಗೆಮರದ ಕೆಳಗೆ ಕೂತರು. ಇಂಟರ್ನ್‌ಶಿಪ್ ದಾಖಲೆಗೆಂದು ಇನ್ನೊಬ್ಬ ಪ್ರಶಿಕ್ಷಣಾರ್ಥಿ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದರು. ಟೇಪು, ಸುಣ್ಣದ ಪುಡಿ, ಹಗ್ಗ ಎಲ್ಲ ಸಿದ್ಧ. ಮೈದಾನ ಚಿಕ್ಕದು, ಒಂದು ಕಡೆ ಕಾಂಪೌಂಡು. ಹಾಗಾಗಿ 40 ಅಡಿಗೇ ಗೆರೆ ಎಳೆದೆವು. ಮಕ್ಕಳು ಒಬ್ಬೊಬ್ಬರಾಗಿ ಎಸೆದರು. ಹೆಜ್ಜೆಯನ್ನು ಟೇಪಿನಲ್ಲಿ ಅಳೆದರು. ಎಲ್ಲರ ಎಸೆತವೂ ಮೆಲ್ಲಗೆ, ಬಿಲ್ಲಿನಂತೆ ಬಾಗಿ ಬರುತ್ತಿತ್ತು. "ಇಷ್ಟೇನಾ? ಮಿಸ್, ನೀವು ಎಸೀರಿ" ಎಂದು ಕೂಗು ಎದ್ದಿತು.

ನಾನು ಎಸೆದೆ.

ಬ್ಯಾಟ್ ಹಿಡಿದಿದ್ದವಳು ಕಬಡ್ಡಿ ತಂಡದ ಹುಡುಗಿ, ಅಂಜಿಕೆ ಇಲ್ಲದವಳು. ಹಿಂದೆ ಗ್ಲೌಸ್ ಹಾಕಿ ಕುಕ್ಕರುಗಾಲಲ್ಲಿ ಕೂತಿದ್ದವಳು 27. ಮೊದಲ ಎರಡು ಎಸೆತ ಗ್ಲೌಸಿಗೇ ಹೋಗಿ ಬಿತ್ತು, ಮಕ್ಕಳು ಚಪ್ಪಾಳೆ ತಟ್ಟಿದರು. ಮೂರನೆಯದಕ್ಕೆ ಬ್ಯಾಟಿನ ಅಂಚು ತಗುಲಿತು. ಚೆಂಡು ಎಲ್ಲಿ ಹೋಯಿತೆಂದು ನನಗೆ ಕಾಣಲಿಲ್ಲ. ಅವಳು ಹಿಂದಕ್ಕೆ ಕೂತುಬಿಟ್ಟಿದ್ದಳು. ಎಡಹುಬ್ಬಿನ ಮೇಲೆ ಕೈ. ಬೆರಳ ಸಂದಿಯಿಂದ ರಕ್ತ.

ಸಾಫ್ಟ್‌ಬಾಲ್ ಎಂಬ ಹೆಸರು ಮೋಸದ್ದು. ಅದರ ಚೆಂಡು 178ರಿಂದ 198 ಗ್ರಾಂ ತೂಗುತ್ತದೆ. ಗಂಡಸರ ಕ್ರಿಕೆಟ್ ಚೆಂಡಿಗಿಂತ ಭಾರ. ಇದು ನನಗೆ ಗೊತ್ತಿತ್ತು. ಐದು ಗ್ಲೌಸಿನ ಆ ಕಿಟ್ಟಿನಲ್ಲಿ ಕ್ಯಾಚರ್‌ನ ಮಾಸ್ಕ್ ಇಲ್ಲ ಎಂಬುದೂ ಮೊದಲ ದಿನವೇ ಗೊತ್ತಿತ್ತು.

ಪಿ.ಟಿ. ಸರ್ ಬೈಕಿನಲ್ಲಿ ಅವಳನ್ನು ನಡುವೆ ಕೂರಿಸಿಕೊಂಡು ನಾನು ಹಿಂದೆ ಹಿಡಿದುಕೊಂಡು ಆಸ್ಪತ್ರೆಗೆ ಹೋದೆವು. ಮೂರು ಹೊಲಿಗೆ. ಕಣ್ಣಿಗೆ ಏನೂ ಆಗಿಲ್ಲ ಎಂದು ಡಾಕ್ಟರು ಟಾರ್ಚು ಬಿಟ್ಟು ನೋಡಿ ಹೇಳಿದರು. ಅವಳ ಅಮ್ಮ ಇಟ್ಟಿಗೆ ಕಾರ್ಖಾನೆಯಿಂದ ನೇರ ಬಂದರು, ಸೆರಗಿನಲ್ಲೆಲ್ಲ ಕೆಂಪು ಧೂಳು. ಬೈಯುತ್ತಾರೆ ಎಂದು ನಾನು ಸಿದ್ಧಳಾಗಿದ್ದೆ. ಕಣ್ಣಿಗೇನೂ ಆಗಿಲ್ಲವಾ ಎಂದು ಮೂರು ಸಲ ಕೇಳಿದರು. ಆಮೇಲೆ ಮಗಳ ಪಕ್ಕ ಕೂತು, ನನ್ನ ಕಡೆ ನೋಡಿ, "ನೀವೂ ಈ ಆಟ ಆಡ್ತಿದ್ರಂತೆ. ಇವಳು ಕೂತ ಜಾಗದಲ್ಲಿ ಕೂರೋರು ಏನು ಹಾಕ್ಕೊಂತಿದ್ರು ಮೇಡಂ?" ಎಂದರು.

"ಮಾಸ್ಕ್ ಹಾಕುತ್ತಿದ್ದರಮ್ಮ" ಎಂದೆ. ಅವರಿಗೆ ಮಾಸ್ಕ್ ಎಂದರೆ ಕೊರೊನಾ ಕಾಲದ ಬಟ್ಟೆ. ಕಬ್ಬಿಣದ ಸರಳಿನದು ಎಂದು ಕೈಯಲ್ಲಿ ತೋರಿಸಿದೆ.

"ಹಂಗಾದ್ರೆ ಇವಳಿಗೆ?"

ಉತ್ತರ ಹೇಳಲಿಲ್ಲ ನಾನು. ಹೇಳಲು ಇರಲಿಲ್ಲ.

ವೀಕ್ಷಣಾ ನಮೂನೆಯಲ್ಲಿ ಉಪನ್ಯಾಸಕರು ಬರೆದದ್ದು ಒಂದೇ ಸಾಲು: 'ಜೀವನಕ್ಕೆ ಅನ್ವಯ ಚೆನ್ನಾಗಿದೆ. ಸುರಕ್ಷತೆ?' ಆ ಪ್ರಶ್ನಾರ್ಥಕ ಚಿಹ್ನೆಯನ್ನು ನೋಡುತ್ತ ಅವತ್ತು ಬಸ್ಸಿನಲ್ಲಿ ಕೂತಿದ್ದೆ. ಮುಖ್ಯ ಶಿಕ್ಷಕರು ನನ್ನನ್ನು ಬಿಟ್ಟುಕೊಡಲಿಲ್ಲ. ಅದು ಅವರ ದೊಡ್ಡತನ. ಆದರೆ ಹೊಸ ಮೇಡಂ ಚೆಂಡಲ್ಲಿ ಹೊಡೆದರಂತೆ ಎಂಬ ಮಾತು ಊರಲ್ಲಿ ಹಬ್ಬಿತು. ಸುಳ್ಳೇನಲ್ಲ ಅದು.

ಶನಿವಾರ ಊರಿಗೆ ಹೋದಾಗ ಅಪ್ಪನ ಹತ್ತಿರ ಹೇಳಿಕೊಂಡೆ. ನಮ್ಮದು ಮಾವಿನ ತೋಟ. ಅಪ್ಪ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಕಾಯಿ ಕೀಳೋವಾಗ ಮರದ ಕೆಳಗೆ ನಿಂತೋರ ಕೈಗೆ ಗೋಣಿಚೀಲ ಕೊಡ್ದೆ ಮರ ಹತ್ತುಸ್ತೀವಾ?" ಎಂದು ಕೇಳಿ ಎದ್ದು ಹೋದರು.

ಆ ರಾತ್ರಿ ಮತ್ತೆ ಓದಿದೆ. ಮೊದಲ ಸಲ ದೂರದ ನಿಯಮ ಮಾತ್ರ ಹುಡುಕಿ ನಿಲ್ಲಿಸಿದ್ದೆ. ಈಗ ಸಲಕರಣೆಯ ನಿಯಮ ನೋಡಿದೆ. ಅದೇ ಅಮೆರಿಕದ ಒಕ್ಕೂಟ ಸಾಫ್ಟ್‌ಬಾಲಿನಲ್ಲಿ ಬ್ಯಾಟ್ ಹಿಡಿಯುವವರ ಹೆಲ್ಮೆಟ್ಟಿಗೂ ಮುಖದ ಸರಳು ಕಡ್ಡಾಯ ಮಾಡಿದ್ದು 2006ರಲ್ಲಿ, 43 ಅಡಿಗೆ ಹೋಗುವ ಮೊದಲೇ. ಇದರ ಅಣ್ಣನಂತಿರುವ ಬೇಸ್‌ಬಾಲಿನಲ್ಲೂ ಹೀಗೇ: ಫ್ರೆಡ್ ಥೇಯರ್ ಎಂಬಾತ ಕತ್ತಿವರಸೆಯವರ ಮುಖಕವಚ ನೋಡಿ ಕ್ಯಾಚರ್‌ನ ಮಾಸ್ಕ್ ಮಾಡಿ 1878ರಲ್ಲಿ ಪೇಟೆಂಟ್ ಪಡೆದ. ಆಗ ಪಿಚರ್ ನಿಲ್ಲುತ್ತಿದ್ದದ್ದು 45 ಅಡಿಯಲ್ಲಿ. ಅದು 50 ಅಡಿಯಾಗಿ, ಈಗಿನ 60 ಅಡಿ 6 ಅಂಗುಲ ಆದದ್ದು 1893ರಲ್ಲಿ. ಎರಡೂ ಕಡೆ ಮುಖಕ್ಕೆ ಸರಳು ಮೊದಲು ಬಂದಿದೆ, ಅಡಿ ಆಮೇಲೆ ಹೆಚ್ಚಿದೆ. ನಾನು ತರಗತಿಯಲ್ಲಿ ಅಡಿಯನ್ನೇ ಎರಡು ಅವಧಿ ಪಾಠ ಮಾಡಿದ್ದೆ.

27 ನಾಲ್ಕು ದಿನ ಬರಲಿಲ್ಲ. ಐದನೇ ದಿನ ಹುಬ್ಬಿಗೆ ಪ್ಲಾಸ್ಟರ್ ಹಾಕಿಕೊಂಡು ಬಂದಳು. ನಾನು ವೇಗೋತ್ಕರ್ಷ ಶುರು ಮಾಡಿದ್ದೆ. ಅವಳು ಎದ್ದು ನಿಂತು, "ಮಿಸ್, ಅವತ್ತಿನ ಲೆಕ್ಕ ಮುಗಿದಿಲ್ಲ" ಎಂದಳು. ತರಗತಿ ಸ್ತಬ್ಧವಾಯಿತು. ನನಗೆ ಪುಸ್ತಕದ ಹಿಂದೆ ಬಚ್ಚಿಟ್ಟುಕೊಳ್ಳುವ ಆಸೆಯಾದದ್ದು ನಿಜ. "ಯಾವ ಲೆಕ್ಕಮ್ಮ?" "ಚೆಂಡು ಬ್ಯಾಟಿಗೆ ತಗುಲಿದ ಮೇಲೆ ನನ್ನ ಹತ್ರ ಬರೋಕೆ ಎಷ್ಟು ಹೊತ್ತು?"

ವಿಡಿಯೊ ನನ್ನ ಮೊಬೈಲಿನಲ್ಲಿತ್ತು. ಅಳಿಸಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ. ಮೂರನೇ ಎಸೆತವನ್ನು ಚೌಕಟ್ಟು ಚೌಕಟ್ಟಾಗಿ ನೋಡಿದೆವು. ಸೆಕೆಂಡಿಗೆ 30 ಚೌಕಟ್ಟು. ನನ್ನ ಕೈ ಬಿಟ್ಟಲ್ಲಿಂದ ಬ್ಯಾಟಿನವರೆಗೆ 22. ನನ್ನ ಹೆಜ್ಜೆ ನಾಲ್ಕಡಿ; ಹಾಗಾಗಿ ಚೆಂಡು ಸಾಗಿದ್ದು 36 ಅಡಿ, ಅಂದಾಜು 11 ಮೀಟರ್. ಮೊನ್ನೆ ಅವಳೇ ಕೇಳಿದ ಪ್ರಶ್ನೆಯ ಉತ್ತರ ಇಲ್ಲಿ ಕೆಲಸಕ್ಕೆ ಬಂತು. ವೇಗ ಸೆಕೆಂಡಿಗೆ 15 ಮೀಟರ್. ಅಂಚು ತಗುಲಿದ ಚೆಂಡಿನ ವೇಗ ಹೆಚ್ಚು ಕಡಿಮೆಯಾಗದು ಎಂದು ಇಟ್ಟುಕೊಂಡೆವು. ಬ್ಯಾಟಿನಿಂದ ಅವಳ ಮುಖ 1.2 ಮೀಟರ್. ಅವಳೇ ಹಲಗೆಗೆ ಬಂದು ಭಾಗಿಸಿದಳು: 0.08 ಸೆಕೆಂಡ್.

ಪಕ್ಕದಲ್ಲಿ ಸ್ಕೇಲಿನ ಪಟ್ಟಿ ಇನ್ನೂ ಹಲಗೆಯ ಮೂಲೆಯಲ್ಲಿತ್ತು. ಅತಿ ಚುರುಕಾದವನಿಗೂ 0.17. ಯಾರೂ ಏನೂ ಹೇಳಬೇಕಾಗಿರಲಿಲ್ಲ. ಆದರೂ ಅವನೇ, ಆ 0.17ರವನು, "ಹಂಗಾದ್ರೆ ನಾನಾಗಿದ್ರೂ ತಗುಲ್ತಿತ್ತು" ಎಂದ. ನಾನು ನಿಧಾನ ಕೂತಿದ್ದೆ, ಅದಕ್ಕೇ ತಗುಲಿತು ಎಂದು ಅವಳು ಮನೆಯಲ್ಲಿ ಹೇಳಿಕೊಂಡಿದ್ದಳೆಂದು ಆಮೇಲೆ ಗೊತ್ತಾಯಿತು. ಲೆಕ್ಕ ಕೇಳಿದ್ದು ಅದಕ್ಕೆ.

"ಹಿಂದೆ ಹೋಗಿ ಕೂತ್ರೆ?" ಎಂದಳು ಇನ್ನೊಬ್ಬಳು. 0.20 ಸೆಕೆಂಡ್ ಸಿಗಬೇಕಾದರೆ ಮೂರು ಮೀಟರ್ ಹಿಂದೆ ಕೂರಬೇಕು. ಅಷ್ಟು ಹಿಂದೆ ಕೂತರೆ ಚೆಂಡು ನೆಲಕ್ಕೆ ಬಡಿದೇ ಬರುತ್ತದೆ, ಕ್ಯಾಚರ್ ಇದ್ದೂ ಇಲ್ಲದ ಹಾಗೆ. ಪಿಚರ್ 43 ಅಡಿಗೆ ಹೋದರೆ? ಬ್ಯಾಟ್ ಹಿಡಿದವಳಿಗೆ ಕಾಲ ಸಿಗುತ್ತದೆ, ಹಿಂದೆ ಕೂತವಳ 1.2 ಮೀಟರ್ ಹಾಗೇ ಇರುತ್ತದೆ. 46 ಅಡಿಗೆ, ಅಂದರೆ ಗಂಡಸರ ದೂರಕ್ಕೆ ಹೋದರೂ ಹಾಗೇ ಇರುತ್ತದೆ. ಒಂದು ಜಾಗದಲ್ಲಿ ಅಡಿ ಹೆಚ್ಚಿಸಿ ಕಾಲ ಕೊಡಬಹುದು. ಇನ್ನೊಂದು ಜಾಗದಲ್ಲಿ ಎಷ್ಟು ಹೆಚ್ಚಿಸಿದರೂ ಕೊಡಲಾಗುವುದಿಲ್ಲ, ಅಲ್ಲಿ ಕಬ್ಬಿಣವೇ ಬೇಕು. ಇದನ್ನು ಪಾಠಯೋಜನೆಯ 'ಕಲಿಕಾ ಫಲ' ಎಂಬ ಕಲಮಿನಲ್ಲಿ ನಾನು ಬರೆದಿರಲಿಲ್ಲ. ಮಕ್ಕಳ ಮುಂದೆ ತಪ್ಪು ನನ್ನದು ಎಂದು ಅಂದೇ ಹೇಳಿದೆ. ಹೇಳುವಾಗ ಧ್ವನಿ ನಡುಗಿತು. ತರಬೇತಿಯಲ್ಲಿ ಧ್ವನಿಯ ಏರಿಳಿತಕ್ಕೆ ಅಂಕ ಉಂಟು, ಇದಕ್ಕೆ ಎಷ್ಟು ಕೊಡುತ್ತಿದ್ದರೋ.

ಮರುದಿನ ಒಬ್ಬ ಅಣ್ಣನ ಬೈಕಿನ ಹೆಲ್ಮೆಟ್ ತಂದ. ಹಾಕಿ ನೋಡಿದೆವು. ಕೂತರೆ ಕೆಳಗಿನ ಚೆಂಡು ಕಾಣದು, ಗಾಜು ಒಡೆದರೆ ಇನ್ನೂ ಅಪಾಯ. ಪಿ.ಟಿ. ಸರ್ ಬೇಡವೆಂದರು. ಮಾಸ್ಕ್ ಬರುವವರೆಗೆ ಬ್ಯಾಟ್ ಅಲಮಾರಿನಲ್ಲೇ ಇರಲಿ, ಬರಿ ಎಸೆದು ಹಿಡಿಯುವ ಅಭ್ಯಾಸ ಸಾಕು ಎಂದು ತೀರ್ಮಾನವಾಯಿತು. ನಾನು ಕೋಲಾರದಲ್ಲಿ ನನ್ನ ಹಳೆಯ ಕೋಚ್ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, ಒಳಗಿಂದ ಹಳೆಯ ಮಾಸ್ಕ್ ಒಂದನ್ನು, ಎದೆಯ ಪ್ಯಾಡ್ ಒಂದನ್ನು ತಂದು ಕೊಟ್ಟರು. ಸರಳಿನ ಬಣ್ಣ ಹೋಗಿತ್ತು, ಬೆಸುಗೆ ಗಟ್ಟಿಯಿತ್ತು. ಎರಡು ಹೆಲ್ಮೆಟ್ಟಿಗೆ ಮುಖ್ಯ ಶಿಕ್ಷಕರು ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ಇಟ್ಟರು. ಕಾಲೇಜು ಹುಡುಗಿಯ ಅಳತೆಯ ಮಾಸ್ಕ್ 14 ವರ್ಷದವರ ತಲೆಗೆ ದೊಡ್ಡದು. ಹಿಂದಿನ ಪಟ್ಟಿಗೆ ಗಂಟು ಹಾಕಿ, ಒಳಗೆ ಸ್ಪಂಜು ಹೊಲಿದೆವು. ಹೊಲಿದುಕೊಟ್ಟದ್ದು 27ರ ಅಮ್ಮ. ಕೇಳದೇ ಒಪ್ಪಿಕೊಂಡರು ಎನ್ನಲಾರೆ. ಮೊದಲು ಮಾಸ್ಕನ್ನು ತಿರುಗಿಸಿ ತಿರುಗಿಸಿ ನೋಡಿ, ಸರಳುಗಳ ಸಂದಿಯಲ್ಲಿ ಚೆಂಡು ತೂರುತ್ತದಾ ಎಂದು ತಾವೇ ಒತ್ತಿ ಪರೀಕ್ಷಿಸಿದರು.

ನನ್ನ ಇಂಟರ್ನ್‌ಶಿಪ್ ಮುಗಿಯಲು ಒಂಬತ್ತು ದಿನ ಉಳಿದಿತ್ತು. ಹುಡುಗರು ಕಾಂಪೌಂಡಿನ ಪಕ್ಕದ ಲಾಂಟಾನ ಪೊದೆ ಕಡಿದು ಮೈದಾನವನ್ನು ಓರೆಯಾಗಿ ತಿರುಗಿಸಿಕೊಂಡರು. 43 ಅಡಿ ಸಿಕ್ಕಿತು. ಪಿ.ಟಿ. ಸರ್ ಅಲ್ಲೊಂದು ಚಪ್ಪಡಿ ಹೂತು ಬಿಳಿ ಬಳಿದರು. ನಾನು ಎಸೆಯಲಿಲ್ಲ. ಕಬಡ್ಡಿ ಹುಡುಗಿ ಎಸೆದಳು, ಹೆಜ್ಜೆ ಇಟ್ಟು, ತೋಳು ಸುತ್ತಿಸಿ. ಕ್ಯಾಚರ್ ಆಗಿ ಕೂರಲು ಬೇರೆಯವರನ್ನು ಕರೆದಿದ್ದೆ. 27 ಮಾಸ್ಕನ್ನು ಅವಳ ಕೈಯಿಂದ ತೆಗೆದುಕೊಂಡು ತಾನೇ ಕಟ್ಟಿಕೊಂಡಳು. ನಾನು ಬೇಡ ಎನ್ನುವಷ್ಟರಲ್ಲಿ ಕೂತಾಗಿತ್ತು.

ಏಳನೆಯದೋ ಎಂಟನೆಯದೋ ಎಸೆತ. ಅಂಚು ತಗುಲಿ ಚೆಂಡು ನೇರ ಸರಳಿಗೆ ಹೋಯಿತು. ಟಣ್ ಎಂದು ಮೈದಾನಕ್ಕೆಲ್ಲ ಕೇಳಿಸಿತು. ನಾನು ಓಡಿದೆ. ಅವಳು ಮಾಸ್ಕನ್ನು ಹಣೆಗೆ ಏರಿಸಿ ನಗುತ್ತಿದ್ದಳು, ಹುಬ್ಬಿನ ಮೇಲೆ ಮೂರು ಹೊಲಿಗೆಯ ಗುರುತು ಇನ್ನೂ ಕೆಂಪಗೆ.

"ಮಿಸ್, ಈ ಸಲಾನೂ ಕಾಣಿಸಲೇ ಇಲ್ಲ" ಎಂದಳು. ಮಾಸ್ಕ್ ಇಳಿಸಿಕೊಂಡು ಮತ್ತೆ ಕೂತಳು.